ಸ್ವಯಂಸೇವಕರ ಲೋಪ, ಕದ್ದು ತೆಗೆದ ಫೋಟೊ: ಕಾನೂನು ಹೇಳುವುದೇನು, ಹೇಳದೆ ಬಿಟ್ಟಿರುವುದೇನು

2025ರ ಕೊನೆಯ ಎರಡು ತಿಂಗಳಲ್ಲಿ ಬಂದ ಎರಡು ಸುದ್ದಿಗಳು ಒಂದಕ್ಕೊಂದು ವಿರುದ್ಧವಾಗಿ ಕಂಡವು. ನವೆಂಬರ್ ಮಧ್ಯಭಾಗದಲ್ಲಿ ಕೇಂದ್ರ ಸರ್ಕಾರವು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಅಡಿಯಲ್ಲಿ ನಿಯಮಗಳನ್ನು ಪ್ರಕಟಿಸಿತು. ಗುರುತು ಹಿಡಿಯಬಹುದಾದ ವ್ಯಕ್ತಿಯ ಚಿತ್ರವೂ ವೈಯಕ್ತಿಕ ದತ್ತಾಂಶವೇ ಆಗಿರುವುದರಿಂದ, ಇನ್ನು ಮುಂದೆ ಒಪ್ಪಿಗೆಯಿಲ್ಲದೆ ಯಾರ ಫೋಟೊ ತೆಗೆದರೂ ಅಪರಾಧ ಎಂದು ಅನೇಕರು ತಿಳಿದುಕೊಂಡರು. ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಖಾಸಗಿ ಕ್ರಿಯೆಯಲ್ಲಿ ತೊಡಗಿರದ ಮಹಿಳೆಯ ಫೋಟೊವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆದರೂ ಅದು ಇಣುಕುನೋಟದ ಅಪರಾಧವಾಗುವುದಿಲ್ಲ ಎಂದು ಹೇಳಿತು. ಇದನ್ನು ಓದಿದವರಲ್ಲಿ ಕೆಲವರಿಗೆ, ಬಯಲಿನಲ್ಲಿರುವ ಯಾರ ಫೋಟೊವನ್ನಾದರೂ ತೆಗೆಯಬಹುದು ಎಂಬ ಧೈರ್ಯ ಬಂತು. ಈ ಎರಡು ಅರ್ಥಗಳಲ್ಲಿ ಒಂದೂ ಸರಿಯಲ್ಲ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ಗೊಂದಲಕ್ಕೆ ವಿಶೇಷ ಮಹತ್ವವಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರಿನಿಂದ ಭೀಮಾ ನದಿ ಉಕ್ಕಿ ಹರಿದಾಗ, ಅಧಿಕಾರಿಗಳ ಜೊತೆಗೆ ನೂರಾರು ಯುವಕರು ನೀರಿಗಿಳಿದರು, ಕಾಳಜಿ ಕೇಂದ್ರಗಳಲ್ಲಿ ಅನ್ನ ಬಡಿಸಿದರು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಹೋಳಿಯ ನಂತರ ಶರಣಬಸವೇಶ್ವರರ ರಥೋತ್ಸವ, ಖಾಜಾ ಬಂದೇ ನವಾಜರ ಉರುಸು, ಬೀದರ್‌ನ ನಾನಕ್ ಝೀರಾ ಗುರುದ್ವಾರದ ಲಂಗರ್ ಎಲ್ಲವೂ ಸಂಬಳವಿಲ್ಲದ ಕೈಗಳ ಮೇಲೆಯೇ ನಡೆಯುತ್ತವೆ. ಹೀಗೆ ದುಡಿಯುವವರಲ್ಲಿ ಒಬ್ಬರು ಲೈಫ್ ಜಾಕೆಟ್ ಇಲ್ಲದೆ ಜನರನ್ನು ದೋಣಿಗೆ ಹತ್ತಿಸಿದರೆ, ಅಥವಾ ದಾಸೋಹದ ಒಲೆಯ ಪಕ್ಕದಲ್ಲೇ ತುಂಬಿದ ಸಿಲಿಂಡರ್‌ಗಳನ್ನು ಸಾಲಾಗಿ ಇಟ್ಟರೆ, ಅದನ್ನು ಕಂಡ ಇನ್ನೊಬ್ಬ ಸ್ವಯಂಸೇವಕ ಏನು ಮಾಡಬೇಕು? ಇವತ್ತು ಹೆಚ್ಚಿನವರು ಮಾಡುವುದು ಒಂದೇ: ಮೊಬೈಲ್ ತೆಗೆದು, ಯಾರಿಗೂ ತಿಳಿಯದಂತೆ ಒಂದು ಫೋಟೊ ಹೊಡೆಯುವುದು. ಆ ಫೋಟೊ ನ್ಯಾಯಸಮ್ಮತವೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಅದನ್ನು ತೆಗೆದ ಕ್ಷಣಕ್ಕಿಂತಲೂ ಅದು ಆನಂತರ ಯಾರ ಕೈ ಸೇರಿತು ಎಂಬುದನ್ನು ನೋಡಬೇಕಾಗುತ್ತದೆ.

ನೌಕರನಲ್ಲದವನಿಗೆ ಶಿಕ್ಷೆ ಯಾವುದು

ಸರ್ಕಾರಿ ನೌಕರನೊಬ್ಬ ಕರ್ತವ್ಯಲೋಪ ಮಾಡಿದರೆ ಮುಂದಿನ ಹಾದಿ ಎಲ್ಲರಿಗೂ ಗೊತ್ತಿದೆ. ಕಾರಣ ಕೇಳಿ ನೋಟಿಸ್ ಬರುತ್ತದೆ, ಅವನು ಸಮಜಾಯಿಷಿ ಕೊಡುತ್ತಾನೆ, ಇಲಾಖಾ ವಿಚಾರಣೆ ನಡೆಯುತ್ತದೆ, ಶಿಕ್ಷೆಯಾದರೆ ಮೇಲ್ಮನವಿಗೆ ಅವಕಾಶವಿದೆ. ಸ್ವಯಂಸೇವಕನಿಗೆ ಸೇವಾ ನಿಯಮಗಳಿಲ್ಲ, ಆದ್ದರಿಂದ ವಿಚಾರಣೆಯೂ ಇಲ್ಲ. ಜಾತ್ರಾ ಕಮಿಟಿಯ ಹಿರಿಯರು ಹೆಚ್ಚೆಂದರೆ ನಾಳೆಯಿಂದ ಬರಬೇಡ ಎನ್ನಬಹುದು. ಅವನು ಊರಿನ ಪ್ರಮುಖರ ಮಗನಾಗಿದ್ದರೆ ಅದನ್ನೂ ಹೇಳಲಾರರು.

ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೌಕರನ ವಿಷಯದಲ್ಲಿ ಫೋಟೊ ಎಂಬುದು ಒಂದು ಪ್ರಕ್ರಿಯೆಯ ಆರಂಭ ಮಾತ್ರ. ಸ್ವಯಂಸೇವಕನ ವಿಷಯದಲ್ಲಿ ಅಂಥ ಪ್ರಕ್ರಿಯೆಯೇ ಇಲ್ಲದ ಕಾರಣ, ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಫೋಟೊವೇ ದೂರು, ಅದೇ ವಿಚಾರಣೆ, ಅದೇ ಶಿಕ್ಷೆ ಆಗಿಬಿಡುತ್ತದೆ. ಸಂಬಳ ಪಡೆಯದವನಿಂದ ಕಿತ್ತುಕೊಳ್ಳಲು ಮಾನವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ತಾಲ್ಲೂಕು ಕೇಂದ್ರದಂತಹ ಊರಿನಲ್ಲಿ, ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಕಡೆ, ಆ ನಷ್ಟ ಅಮಾನತಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಪುಕ್ಕಟೆ ದುಡಿಯುವವನ ಮೇಲೆಯೇ ಏಕೆ ಕಣ್ಣು ಎಂದು ಸಂಘಟಕರು ಕೇಳುವುದರಲ್ಲಿ ಈ ಮಟ್ಟಿಗೆ ಹುರುಳಿದೆ. ಆದರೆ ಪುಕ್ಕಟೆ ದುಡಿಯುವವನು ನಡೆಸಿದ ದೋಣಿ ಮಗುಚಿದರೆ ಮುಳುಗುವವರು ಬೇರೆಯವರು ಎಂಬುದನ್ನು ಆ ಮಾತು ಮರೆಯುತ್ತದೆ.

ಎಲ್ಲ ಸ್ವಯಂಸೇವಕರೂ ಒಂದೇ ಬಗೆಯವರಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆಯನ್ನು 2021ರಲ್ಲಿ ವಿಸ್ತರಿಸಿದಾಗ, 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿ ಇಡಲಾಗಿತ್ತು. ಹೀಗೆ ತರಬೇತಿ ಪಡೆದವರ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಉಸ್ತುವಾರಿ ಇರುತ್ತದೆ, ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಗೆ ಕಾಲೇಜಿನ ಕಾರ್ಯಕ್ರಮಾಧಿಕಾರಿ ಇರುತ್ತಾರೆ. ಪ್ರವಾಹದ ದಿನ ತಾನಾಗಿಯೇ ಹಗ್ಗ ಹಿಡಿದು ಬಂದ ಊರಿನ ಹುಡುಗನಿಗೆ ಮೇಲಿನವರು ಯಾರೂ ಇಲ್ಲ. ಗುಟ್ಟಿನ ಫೋಟೊಗಳ ಜಗಳ ಹೆಚ್ಚಾಗಿ ಹುಟ್ಟುವುದು ಈ ಮೂರನೆಯ ಗುಂಪಿನ ಸುತ್ತ.

ಗುಟ್ಟಾಗಿಯೇ ಏಕೆ

ಬಾಯಿಮಾತಿನ ದೂರಿಗೆ ಬೆಲೆಯಿಲ್ಲ ಎಂಬುದು ಫೋಟೊ ತೆಗೆಯುವವರ ಮೊದಲ ವಾದ. ರಥಬೀದಿಯಲ್ಲಿ ಹಾಕಿದ ತಡೆಗೋಲನ್ನು ಸಂಜೆ ಯಾರೋ ಬಿಚ್ಚಿಟ್ಟಿದ್ದರು ಎಂದು ಮರುದಿನ ಹೇಳಿದರೆ, ಹಾಗೇನೂ ಇರಲಿಲ್ಲ ಎಂಬ ಉತ್ತರ ಬರುತ್ತದೆ. ಕೇಳಿ ತೆಗೆದರೆ ಎದುರಿಗಿರುವವರು ತಕ್ಷಣ ಎಲ್ಲವನ್ನೂ ಸರಿಮಾಡಿ ನಿಲ್ಲುತ್ತಾರೆ, ಅರ್ಧ ಗಂಟೆಯ ನಂತರ ಮತ್ತೆ ಮೊದಲಿನಂತೆ. ಆದ್ದರಿಂದ ಗುಟ್ಟಿನ ಚಿತ್ರವೊಂದೇ ನಿಜವಾದ ಚಿತ್ರ ಎಂದು ಅವರು ಹೇಳುತ್ತಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ, ಜನಸಂದಣಿಯ ಸಣ್ಣ ಲೋಪವನ್ನೂ ಹಗುರವಾಗಿ ಕಾಣಬಾರದು ಎಂಬ ಭಾವನೆ ರಾಜ್ಯದಾದ್ಯಂತ ಬಲವಾಯಿತು. ಅವರ ವಾದಕ್ಕೆ ಅದರಿಂದಲೂ ಬೆಂಬಲ ಸಿಕ್ಕಿದೆ.

ಸಂಘಟಕರ ಮಾತು ಬೇರೆ. ತಂಡದೊಳಗೆ ಒಬ್ಬ ಮತ್ತೊಬ್ಬನ ಮೇಲೆ ಕ್ಯಾಮೆರಾ ಹಿಡಿದಿದ್ದಾನೆ ಎಂಬ ಅನುಮಾನ ಒಮ್ಮೆ ಹೊಕ್ಕರೆ, ಹಗ್ಗದ ಎರಡು ತುದಿ ಹಿಡಿಯಬೇಕಾದವರು ಪರಸ್ಪರ ನಂಬದೆ ಕೆಲಸ ಮಾಡಬೇಕಾಗುತ್ತದೆ. ಅದೇ ಇನ್ನೊಂದು ಅಪಾಯ. ಮುಂದಿನ ವರ್ಷ ಕರೆದರೆ ಯಾರೂ ಬರುವುದಿಲ್ಲ. ಹಳೆಯ ದ್ವೇಷ, ಓಣಿಯ ರಾಜಕೀಯ, ಜಾತಿ ಲೆಕ್ಕಾಚಾರಗಳು ಸುರಕ್ಷತೆಯ ಹೆಸರಿನಲ್ಲಿ ಒಳಗೆ ಬರುತ್ತವೆ ಎಂಬ ಆತಂಕವೂ ಅವರಿಗಿದೆ, ಅದು ಸುಳ್ಳೂ ಅಲ್ಲ.

ಎರಡೂ ವಾದಗಳು ಒಂದೇ ಕೊರತೆಯಿಂದ ಹುಟ್ಟಿವೆ. ದೂರು ಹೇಳಲು ನಂಬಬಹುದಾದ ಒಬ್ಬ ವ್ಯಕ್ತಿ ಮತ್ತು ಅದನ್ನು ಬರೆದಿಡುವ ಒಂದು ಪುಸ್ತಕ ಇದ್ದ ಕಡೆ ಗುಟ್ಟಿನ ಫೋಟೊದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಅಮೆರಿಕದ ವಿಮಾನಯಾನ ಕ್ಷೇತ್ರದಲ್ಲಿ 1976ರಿಂದ ಇಂಥ ಒಂದು ವ್ಯವಸ್ಥೆಯಿದೆ. ಪೈಲಟ್‌ಗಳು ಮತ್ತು ನಿಯಂತ್ರಕರು ತಮ್ಮ ಅಥವಾ ಇತರರ ಲೋಪವನ್ನು ಬಾಹ್ಯಾಕಾಶ ಸಂಸ್ಥೆ ನಾಸಾಗೆ ಗೋಪ್ಯವಾಗಿ ಬರೆದು ಕಳಿಸುತ್ತಾರೆ. ಅಲ್ಲಿ ಹೆಸರು, ಗುರುತುಗಳನ್ನು ಅಳಿಸಿ, ಲೋಪದ ಸ್ವರೂಪವನ್ನಷ್ಟೇ ಎಲ್ಲರಿಗೂ ತಿಳಿಸುತ್ತಾರೆ. ದಂಡ ಹಾಕುವ ಸಂಸ್ಥೆ ಬೇರೆ, ವರದಿ ಸ್ವೀಕರಿಸುವ ಸಂಸ್ಥೆ ಬೇರೆ ಆಗಿರುವುದೇ ಅದರ ಬಲ. ಜಾತ್ರಾ ಕಮಿಟಿಗೆ ನಾಸಾ ಬೇಕಿಲ್ಲ. ಕಮಿಟಿಯ ಹೊರಗಿನ ಒಬ್ಬ ನಿವೃತ್ತ ಶಿಕ್ಷಕರೋ ಶುಶ್ರೂಷಕಿಯೋ ಸಾಕು.

ಎರಡು ಸುದ್ದಿಗಳ ನಿಜವಾದ ಅರ್ಥ

ಮೊದಲು ದತ್ತಾಂಶ ಕಾಯ್ದೆ. ಇದರ ಉಲ್ಲಂಘನೆಗೆ ಜೈಲು ಶಿಕ್ಷೆಯೇ ಇಲ್ಲ. ಇರುವುದು ಹಣದ ದಂಡ, ಗರಿಷ್ಠ 250 ಕೋಟಿ ರೂಪಾಯಿವರೆಗೆ. ಹಾಗಾಗಿ ಫೋಟೊ ತೆಗೆದವನನ್ನು ಈ ಕಾಯ್ದೆಯಡಿ ಬಂಧಿಸುತ್ತಾರೆ ಎಂಬುದು ಪೊಳ್ಳು ಬೆದರಿಕೆ. ನಿಯಮಗಳು ಪ್ರಕಟವಾಗಿದ್ದರೂ ಒಪ್ಪಿಗೆ, ಸೂಚನೆ, ಭದ್ರತೆಗಳಿಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಜಾರಿಗೆ ಬರುವುದು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ದತ್ತಾಂಶ ಬಳಸಿದರೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಅಪರಾಧ ಅಥವಾ ಕಾನೂನು ಉಲ್ಲಂಘನೆಯನ್ನು ತಡೆಯಲು, ಪತ್ತೆಹಚ್ಚಲು ದತ್ತಾಂಶ ಬಳಸುವಾಗ ಅದರ ಬಹುತೇಕ ಕಟ್ಟುಪಾಡುಗಳಿಂದ ವಿನಾಯಿತಿ ಇದೆ. ವಿಪತ್ತಿನ ಸಮಯದಲ್ಲಿ ಯಾರದಾದರೂ ಸುರಕ್ಷತೆಗಾಗಿ ಕೈಗೊಳ್ಳುವ ಕ್ರಮಕ್ಕೆ ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಬಹುದು ಎಂದು ಕಾಯ್ದೆಯ ಏಳನೆಯ ಕಲಮು ಹೇಳುತ್ತದೆ.

ಆದರೆ ವೈಯಕ್ತಿಕ ಉದ್ದೇಶ ಎಂದರೇನು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ತಹಶೀಲ್ದಾರರಿಗೆ ಕಳಿಸಿದ ಒಂದು ಚಿತ್ರ ಮತ್ತು ಐದುನೂರು ಜನರ ಗುಂಪಿಗೆ ಹಾಕಿದ ಅದೇ ಚಿತ್ರ ಈ ವಿನಾಯಿತಿಯಡಿ ಸಮಾನವಾಗಿ ನಿಲ್ಲುತ್ತವೆ ಎಂದು ಭಾವಿಸಲು ಕಾರಣವಿಲ್ಲ. ಸಂಘಟನೆಯ ಸ್ಥಾನವೂ ಬೇರೆ. ಸ್ವಯಂಸೇವಕರ ಪಟ್ಟಿ, ಆಧಾರ್ ಪ್ರತಿ, ಫೋಟೊಗಳನ್ನು ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಸಂಗ್ರಹಿಸಿ, ಅವನ್ನು ಯಾವುದಕ್ಕೆ ಬಳಸಬೇಕೆಂದು ನಿರ್ಧರಿಸುವ ಟ್ರಸ್ಟು ಅಥವಾ ಕಮಿಟಿಯು ಕಾಯ್ದೆಯ ದೃಷ್ಟಿಯಲ್ಲಿ ದತ್ತಾಂಶದ ಹೊಣೆಗಾರ. ಬಂದ ದೂರಿನ ಫೋಟೊವನ್ನು ಸಂಘಟನೆಯೇ ಎಲ್ಲರಿಗೂ ಹಂಚಿದರೆ ವೈಯಕ್ತಿಕ ಬಳಕೆ ಎಂಬ ನೆಪ ಅದಕ್ಕೆ ಸಿಗುವುದಿಲ್ಲ.

ಇನ್ನು ಡಿಸೆಂಬರ್ ತೀರ್ಪು. ಅದು ನಿರ್ಧರಿಸಿದ್ದು ಒಂದು ನಿರ್ದಿಷ್ಟ ಅಪರಾಧದ ವ್ಯಾಪ್ತಿಯನ್ನು ಮಾತ್ರ. ಹಳೆಯ ದಂಡ ಸಂಹಿತೆಯ 354ಸಿ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಾಗಿದೆ. ಶೌಚಾಲಯ ಬಳಕೆ, ಬಟ್ಟೆ ಬದಲಾವಣೆಯಂತಹ, ಯಾರೂ ನೋಡುವುದಿಲ್ಲ ಎಂಬ ಸಹಜ ನಿರೀಕ್ಷೆಯಿರುವ ಸಂದರ್ಭದಲ್ಲಿ ಮಹಿಳೆಯನ್ನು ನೋಡುವುದು ಅಥವಾ ಸೆರೆಹಿಡಿಯುವುದು ಅಲ್ಲಿ ಅಪರಾಧ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷ ಸೆರೆವಾಸ. ಬಯಲಲ್ಲಿ ನಿಂತವಳ ಫೋಟೊ ಈ ಕಲಮಿನಡಿ ಬರುವುದಿಲ್ಲ ಎಂದಾಕ್ಷಣ ಅದು ಬೇರೆ ಯಾವ ಕಲಮಿನಡಿಯೂ ಬರುವುದಿಲ್ಲ ಎಂದರ್ಥವಲ್ಲ. ಹಿಂಬಾಲಿಕೆ, ಮಾನಹಾನಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದನ್ನು ಶಿಕ್ಷಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಎಲ್ಲವೂ ಹಾಗೆಯೇ ಇವೆ.

ಇವೆಲ್ಲದರ ಹಿಂದೆ 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪಿದೆ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಸಾರ್ವಜನಿಕ ಸ್ಥಳಕ್ಕೆ ಕಾಲಿಟ್ಟ ಮಾತ್ರಕ್ಕೆ ಆ ಹಕ್ಕು ಕಳೆದುಹೋಗುವುದಿಲ್ಲ ಎಂಬ ವಿಚಾರವೂ ಅದರಲ್ಲಿದೆ. ಹಕ್ಕಿಗೆ ಕಡಿವಾಣ ಹಾಕಬೇಕಾದರೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕ ಪ್ರಮಾಣ ಬೇಕು. ಈ ಪರೀಕ್ಷೆ ಸರ್ಕಾರಕ್ಕಾಗಿ ರೂಪುಗೊಂಡದ್ದಾದರೂ, ಪ್ರಮಾಣದ ಪ್ರಶ್ನೆಯನ್ನು ಫೋಟೊ ತೆಗೆಯುವವನೂ ತನಗೆ ತಾನೇ ಕೇಳಿಕೊಳ್ಳಬಹುದು: ಈ ಲೋಪವನ್ನು ತೋರಿಸಲು ಈ ಮುಖ ಬೇಕೇ?

ಚಿತ್ರ ಸಾಗುವ ದಾರಿ

ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಸೇವೆ ಮಾಡುವವನ ಮಾನ ಕಳೆದವನಿಗೆ ಸೇವೆಯೇ ಶಿಕ್ಷೆಯಾಗಬಹುದು ಎಂಬುದು ವಿಚಿತ್ರ ಕಾಕತಾಳೀಯ. ನಮ್ಮ ವಿಷಯಕ್ಕೆ ಮುಖ್ಯವಾಗುವುದು ಆ ಕಲಮಿನ ಅಪವಾದಗಳು. ಆ ವಿಷಯದಲ್ಲಿ ಅಧಿಕಾರವುಳ್ಳ ವ್ಯಕ್ತಿಗೆ ಸದ್ಭಾವನೆಯಿಂದ ದೂರು ಕೊಟ್ಟರೆ ಅದು ಮಾನಹಾನಿಯಲ್ಲ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವೂ ಮಾನಹಾನಿಯಲ್ಲ, ಆದರೆ ಸತ್ಯ ಮತ್ತು ಹಿತ ಎರಡನ್ನೂ ಹೇಳಿದವನೇ ತೋರಿಸಿಕೊಡಬೇಕಾಗುತ್ತದೆ.

ಒಂದೇ ಫೋಟೊವನ್ನು ಎರಡು ಕಡೆ ಕಳಿಸಿದಾಗ ಆಗುವುದನ್ನು ಹೋಲಿಸಿ ನೋಡಬಹುದು. ಪ್ರವಾಹದ ನೀರಿನಲ್ಲಿ ಜಾಕೆಟ್ ಇಲ್ಲದ ಹತ್ತು ಮಂದಿಯನ್ನು ಹೊತ್ತ ದೋಣಿಯ ಫೋಟೊವನ್ನು ತಹಶೀಲ್ದಾರರಿಗೆ ಅಥವಾ ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರಕ್ಕೆ ಕಳಿಸಿದವನು ಸದ್ಭಾವನೆಯ ದೂರಿನ ಅಪವಾದದ ಆಸರೆಯಲ್ಲಿರುತ್ತಾನೆ. ಅದೇ ಫೋಟೊಗೆ ಬೈಗುಳದ ಸಾಲೊಂದನ್ನು ಸೇರಿಸಿ ಊರಿನ ಗುಂಪಿಗೆ ಹಾಕಿದವನು ಸತ್ಯ ಮತ್ತು ಹಿತ ಎರಡನ್ನೂ ತೋರಿಸಿಕೊಡುವ ಭಾರವನ್ನು ಹೊರಬೇಕು. ದೋಣಿ ಇಡೀ ಮುಳುಗುತ್ತಿದೆ ಎಂದು ಉತ್ಪ್ರೇಕ್ಷಿಸಿ ಜನರಲ್ಲಿ ಗಾಬರಿ ಹುಟ್ಟಿಸಿದರೆ, ವಿಪತ್ತು ನಿರ್ವಹಣಾ ಕಾಯ್ದೆ, 2005ರ 54ನೆಯ ಕಲಮಿನಡಿ ಸುಳ್ಳು ಎಚ್ಚರಿಕೆಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಗುಂಪಿನ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಯಾರೂ ಹೊಣೆಯಾಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಹೊಣೆ ಹಾಕಿದವನದು, ಮುಂದಕ್ಕೆ ತಳ್ಳಿದವನದು.

ಹಿನ್ನೆಲೆಯಲ್ಲಿ ನಿಂತವರು

ಈ ಚರ್ಚೆಯಲ್ಲಿ ಫೋಟೊ ತೆಗೆದವನು ಮತ್ತು ಫೋಟೊದಲ್ಲಿ ಸಿಕ್ಕ ಸ್ವಯಂಸೇವಕ ಇಬ್ಬರ ಮಾತೂ ಕೇಳಿಬರುತ್ತದೆ. ಅದೇ ಚೌಕಟ್ಟಿನಲ್ಲಿ ಅವರ ಹಿಂದೆ ನಿಂತವರನ್ನು ಯಾರೂ ಕೇಳುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಅತಿ ಹೆಚ್ಚು ಕಳೆದುಕೊಳ್ಳುವವರು ಅವರೇ.

ಕಾಳಜಿ ಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಸರ್ಕಾರಿ ಶಾಲೆ ಅಥವಾ ವಸತಿ ನಿಲಯ. ಮನೆಯಲ್ಲಿ ನೀರು ಹೊಕ್ಕ ಮೇಲೆ ಉಟ್ಟ ಬಟ್ಟೆಯಲ್ಲಿ ಬಂದವರು ಅಲ್ಲಿ ಮಲಗುತ್ತಾರೆ, ಬಾಣಂತಿಯರು ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಕೂರುತ್ತಾರೆ, ವೃದ್ಧರಿಗೆ ಅಲ್ಲಿಯೇ ಔಷಧೋಪಚಾರ ನಡೆಯುತ್ತದೆ. ಸ್ವಯಂಸೇವಕರು ಅಡುಗೆಯ ಒಲೆಯನ್ನು ಮಲಗುವ ಕೋಣೆಯ ಬಾಗಿಲಿಗೇ ಇಟ್ಟಿದ್ದಾರೆ ಎಂದು ತೋರಿಸಲು ತೆಗೆದ ಫೋಟೊದಲ್ಲಿ ಇವರೆಲ್ಲ ಸೆರೆಯಾಗುತ್ತಾರೆ. ಆ ಜನರಿಗೆ ಅದು ಕೆಲವು ದಿನಗಳ ಮಟ್ಟಿಗೆ ಮನೆ. ಮನೆಯೊಳಗೆ ಇರುವ ಖಾಸಗಿತನದ ನಿರೀಕ್ಷೆ ಅಲ್ಲಿಯೂ ಇರುತ್ತದೆ, ಗೋಡೆಗಳು ಸರ್ಕಾರದ್ದಾದರೂ.

ದೇವಲ ಗಾಣಗಾಪುರದ ಭೀಮಾ–ಅಮರ್ಜಾ ಸಂಗಮದಲ್ಲಿ ಮೀಯುವವರು, ಬೀದರ್‌ನ ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನೊಳಗೆ ಸಾಲಾಗಿ ನಡೆಯುವವರು ಇನ್ನೊಂದು ಉದಾಹರಣೆ. ಝರಣಿಯಂತಹ ಇಕ್ಕಟ್ಟಿನ ಜಾಗದಲ್ಲಿ ಎಷ್ಟು ಜನರನ್ನು ಒಮ್ಮೆಗೆ ಒಳಗೆ ಬಿಡಬೇಕೆಂಬುದು ನಿಜವಾದ ಸುರಕ್ಷತಾ ಪ್ರಶ್ನೆ. ಅದನ್ನು ತೋರಿಸಲು ಹೋದವನ ಮೊಬೈಲ್‌ನಲ್ಲಿ ಒದ್ದೆ ಬಟ್ಟೆಯ ಹೆಂಗಸರ ಹತ್ತಾರು ಚಿತ್ರಗಳು ಉಳಿದರೆ, ಅವನ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಯಾರೂ ನಂಬುವುದಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯ ಸುತ್ತ ಕ್ಯಾಮೆರಾ ಹೊರತೆಗೆದರೆ 77ನೆಯ ಕಲಮು ನೇರವಾಗಿ ಎದುರಾಗುತ್ತದೆ, ಮತ್ತು ಸುರಕ್ಷತೆಗಾಗಿ ಎಂಬ ವಿವರಣೆಗೆ ಆ ಕಲಮಿನಲ್ಲಿ ವಿನಾಯಿತಿಯಿಲ್ಲ.

ರಕ್ತದಾನ ಶಿಬಿರದಲ್ಲಿ ಸಮಸ್ಯೆ ಸ್ವಲ್ಪ ಸುಲಭ. ಬಳಸಿದ ಸೂಜಿಗಳನ್ನು, ಚುಚ್ಚಿದರೂ ತೂತಾಗದ ಬಿಳಿ ಪಾತ್ರೆಯಲ್ಲಿ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಸೂಜಿಗಳು ಸಾಮಾನ್ಯ ಕಸದ ಬುಟ್ಟಿಯಲ್ಲಿ ಬಿದ್ದಿದ್ದರೆ ಬುಟ್ಟಿಯ ಚಿತ್ರವೇ ಸಾಕು. ಮಂಚದ ಮೇಲೆ ಮಲಗಿದ ದಾನಿ ಅದರಲ್ಲಿ ಬರಬೇಕಿಲ್ಲ. ಹಾಗೆಯೇ ದಾಸೋಹದಲ್ಲಿ 19 ಕಿಲೊ ತೂಕದ ವಾಣಿಜ್ಯ ಸಿಲಿಂಡರ್ ಬದಲು 14.2 ಕಿಲೊ ತೂಕದ ಮನೆಬಳಕೆಯ ಕೆಂಪು ಸಿಲಿಂಡರ್‌ಗಳನ್ನು ಬಳಸಿದ್ದರೆ, ಬಣ್ಣವೇ ಸಾಕ್ಷಿ ಹೇಳುತ್ತದೆ. ಪೆಂಡಾಲಿನ ಜೋಡಿಸಿದ ವಿದ್ಯುತ್ ತಂತಿ, ಅವಧಿ ಮೀರಿದ ಅಗ್ನಿಶಾಮಕದ ಚೀಟಿ, ಬೀಗ ಹಾಕಿದ ತುರ್ತು ದ್ವಾರ ಇವಾವಕ್ಕೂ ಮುಖವಿಲ್ಲ. ಇಂಥ ಚಿತ್ರಗಳನ್ನು ಗುಟ್ಟಾಗಿ ತೆಗೆದರೂ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ. ಅಂದರೆ ವಿವಾದದ ದೊಡ್ಡ ಪಾಲು, ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ತಿರುಗಿಸಿದರೆ ಇಲ್ಲವಾಗುವಂಥದ್ದು.

ಫೋಟೊ ತೆಗೆಯಲೇಬಾರದ ಕಡೆ

ಲೋಪವು ಮಕ್ಕಳಿಗೆ ಸಂಬಂಧಿಸಿದ್ದಾಗ ಲೆಕ್ಕಾಚಾರ ಬದಲಾಗುತ್ತದೆ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ವರದಿ ಮಾಡುವುದು ಕಡ್ಡಾಯ, ಮಾಡದಿದ್ದರೆ ಶಿಕ್ಷೆಯಿದೆ. ಸಾಕ್ಷ್ಯ ಸಂಗ್ರಹಿಸಿದ ನಂತರ ಹೇಳುತ್ತೇನೆ ಎಂದು ಕಾಯುವುದಕ್ಕೆ ಅಲ್ಲಿ ಅವಕಾಶವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸುವುದೊಂದೇ ದಾರಿ. ಮಗುವಿನ ಗುರುತು ಬಯಲು ಮಾಡುವುದನ್ನು ಅದೇ ಕಾಯ್ದೆಯ 23ನೆಯ ಕಲಮು ಮತ್ತು ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತವೆ.

ಮಹಿಳಾ ಸ್ವಯಂಸೇವಕರಿಗೆ ಲೈಂಗಿಕ ಕಿರುಕುಳವಾದಾಗ, ಕೆಲಸದ ಸ್ಥಳದಲ್ಲಿ ಅಂಥ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ನೆರವಿಗೆ ಬರುತ್ತದೆ. ಸಂಬಳವಿಲ್ಲದೆ ಸ್ವಯಂಪ್ರೇರಿತರಾಗಿ ದುಡಿಯುವವರನ್ನೂ ಅದು ಉದ್ಯೋಗಿ ಎಂಬ ವ್ಯಾಖ್ಯೆಯೊಳಗೆ ಸೇರಿಸಿದೆ. ಆಂತರಿಕ ಸಮಿತಿ ಇಲ್ಲದ ಸಣ್ಣ ಸಂಘಟನೆಗಳ ವಿಷಯದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿನ ವಿವರ ಪ್ರಕಟಿಸಬಾರದೆಂದು 16ನೆಯ ಕಲಮು ಹೇಳುವುದರಿಂದ, ಆರೋಪಿಯ ಫೋಟೊವನ್ನು ಗುಂಪಿನಲ್ಲಿ ಹಂಚಿದರೆ ಸಂತ್ರಸ್ತೆಗೇ ತೊಂದರೆಯಾಗುತ್ತದೆ.

ಒಂದು ಕ್ಷಣದ ಚಿತ್ರ, ಅದರ ಹಿಂದಿನ ಕಾರಣ

ಫೋಟೊ ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲದು. ಜಾಕೆಟ್ ಇಲ್ಲದ ಸ್ವಯಂಸೇವಕ ಚಿತ್ರದಲ್ಲಿ ಕಾಣುತ್ತಾನೆ. ದೋಣಿಗೆ ಬೇಕಿದ್ದಷ್ಟು ಜಾಕೆಟ್‌ಗಳನ್ನು ಯಾರೂ ತರಿಸಲಿಲ್ಲ ಎಂಬುದು ಕಾಣುವುದಿಲ್ಲ. ತನ್ನ ಜಾಕೆಟ್ಟನ್ನೇ ಅವನು ಮಗುವಿನ ತಾಯಿಗೆ ಕೊಟ್ಟಿದ್ದರೆ ಅದೂ ಕಾಣುವುದಿಲ್ಲ. ಲೋಪದ ಕಾರಣ ಹೆಚ್ಚಾಗಿ ಮೇಲಿರುತ್ತದೆ: ಖರೀದಿ ಮಾಡದ ಕಮಿಟಿಯಲ್ಲಿ, ತರಬೇತಿ ಕೊಡದ ಸಂಘಟನೆಯಲ್ಲಿ, ಪರವಾನಗಿಯ ಷರತ್ತುಗಳನ್ನು ಪರಿಶೀಲಿಸದ ಕಚೇರಿಯಲ್ಲಿ. ಚಿತ್ರಕ್ಕೆ ಸಿಕ್ಕುವುದು ಮಾತ್ರ ಕೆಳಗಿರುವವನು. ಹೀಗಾಗಿ ಗುಟ್ಟಿನ ಫೋಟೊಗಳನ್ನೇ ನಂಬಿದ ವ್ಯವಸ್ಥೆಯಲ್ಲಿ ಅತಿ ಕಡಿಮೆ ಅಧಿಕಾರವುಳ್ಳವನಿಗೆ ಅತಿ ಹೆಚ್ಚು ಶಿಕ್ಷೆಯಾಗುತ್ತದೆ, ಮುಂದಿನ ವರ್ಷವೂ ಜಾಕೆಟ್ ಬರುವುದಿಲ್ಲ.

ಬರಹದ ದೂರು ಈ ದೋಷವನ್ನು ತುಂಬಿಕೊಡುತ್ತದೆ. ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಜನ, ಏನು ಇರಲಿಲ್ಲ, ಯಾರಿಗೆ ಹೇಳಲಾಯಿತು, ಅವರು ಏನೆಂದರು ಎಂಬ ಆರು ಸಾಲು ಬರೆದರೆ, ಮುಖದ ಚಿತ್ರ ಹೇಳಲಾರದ್ದೆಲ್ಲ ಅಧಿಕಾರಿಯ ಮೇಜಿಗೆ ಬರುತ್ತದೆ. ಇನ್ನೊಬ್ಬ ಪ್ರತ್ಯಕ್ಷದರ್ಶಿಯ ಸಹಿ ಇದ್ದರೆ ಅದರ ತೂಕ ಇನ್ನೂ ಹೆಚ್ಚು.

ಸಾಕ್ಷ್ಯದ ಪ್ರಶ್ನೆ

ಗುಟ್ಟಾಗಿ ತೆಗೆದದ್ದು ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯಗಳು ಸಾಕ್ಷ್ಯವನ್ನು ತಳ್ಳಿಹಾಕುವುದಿಲ್ಲ. 1972ರ ಆರ್.ಎಂ. ಮಲ್ಕಾನಿ ಪ್ರಕರಣದಿಂದ ಈ ನಿಲುವು ಬಂದಿದೆ. 2025ರ ಜುಲೈನಲ್ಲಿ, ದಂಪತಿಯ ನಡುವಿನ ಫೋನ್ ಮಾತನ್ನು ಗುಟ್ಟಾಗಿ ಮುದ್ರಿಸಿಕೊಂಡದ್ದನ್ನೂ ವೈವಾಹಿಕ ವ್ಯಾಜ್ಯದಲ್ಲಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಸಾಕ್ಷ್ಯವಾಗಿ ಒಪ್ಪಿತವಾದ ಮಾತ್ರಕ್ಕೆ ಅದನ್ನು ಪಡೆದ ರೀತಿ ನಿರ್ದೋಷವಾಗುವುದಿಲ್ಲ, ಅದು ಬೇರೆ ವಿಚಾರ.

ತಾಂತ್ರಿಕವಾಗಿ ಸೋಲುವುದು ಬೇರೆ ಕಡೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಅದರ ಡಿಜಿಟಲ್ ಬೆರಳಚ್ಚೂ, ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದಾಗ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಹತ್ತು ಕೈ ದಾಟಿ ಬಂದ ಚಿತ್ರದ ಮೂಲ ಯಾವುದೆಂದು ಯಾರೂ ಪ್ರಮಾಣೀಕರಿಸಲಾರರು. ಮೂಲ ಕಡತವನ್ನು ತೆಗೆದ ಮೊಬೈಲ್‌ನಲ್ಲಿಯೇ ಉಳಿಸಿಕೊಂಡು, ಅಧಿಕಾರಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವುದು, ಬೇರೆ ಯಾರಿಗಾದರೂ ತೋರಿಸಲೇಬೇಕಾದರೆ ಮುಖ ಮಸುಕುಗೊಳಿಸಿದ ಪ್ರತಿಯನ್ನು ಬಳಸುವುದು ಉಪಯುಕ್ತ. ಎಲ್ಲರಿಗೂ ಹಂಚಿದ ಚಿತ್ರ ಗದ್ದಲಕ್ಕೆ ಒದಗುತ್ತದೆ, ಮೊಕದ್ದಮೆಗೆ ಒದಗುವುದಿಲ್ಲ.

ದೂರಿದವನಿಗೆ ರಕ್ಷಣೆ ಎಲ್ಲಿದೆ

ಗುಟ್ಟಾಗಿ ತೆಗೆದವನು ತಾನು ಗುಟ್ಟಾಗಿಯೇ ಉಳಿಯುತ್ತೇನೆ ಎಂದುಕೊಳ್ಳುತ್ತಾನೆ. ಎಂಟು ಜನರ ತಂಡದಲ್ಲಿ ಅದು ಸಾಧ್ಯವಿಲ್ಲ. ಚಿತ್ರದ ಕೋನ ನೋಡಿದರೆ, ಆ ಹೊತ್ತಿಗೆ ಆ ಕಂಬದ ಬಳಿ ನಿಂತಿದ್ದವರು ಯಾರೆಂದು ಉಳಿದ ಏಳು ಜನ ಐದು ನಿಮಿಷದಲ್ಲಿ ಹೇಳುತ್ತಾರೆ. 2014ರ ಮಾಹಿತಿದಾರರ ಸಂರಕ್ಷಣಾ ಕಾಯ್ದೆ ಇವನಿಗೆ ಆಸರೆಯಾಗದು: ಅದು ಸಾರ್ವಜನಿಕ ನೌಕರರ ವಿರುದ್ಧದ ದೂರುಗಳಿಗೆ ಸೀಮಿತ, ಮೇಲಾಗಿ ಸಂಸತ್ತು ಅಂಗೀಕರಿಸಿದ ಮೇಲೂ ಜಾರಿಗೆ ಬರದೆ ಉಳಿದಿದೆ. ನೌಕರಿಯಿಂದ ತೆಗೆಯುವ ಭಯ ಇವನಿಗಿಲ್ಲ ನಿಜ, ಆದರೆ ಊರಿನಲ್ಲಿ ಮಾತು ಬಿಡುವುದು, ಅಂಗಡಿಗೆ ಬರುವವರು ಕಡಿಮೆಯಾಗುವುದು ಯಾವ ಕಾಯ್ದೆಯಲ್ಲೂ ಪ್ರತೀಕಾರ ಎಂದು ದಾಖಲಾಗಿಲ್ಲ. ಹೀಗಾಗಿ ದೂರು ಸ್ವೀಕರಿಸುವವರು ಹೆಸರನ್ನು ಮುಚ್ಚಿಡುವುದು ಎಷ್ಟು ಮುಖ್ಯವೋ, ಚಿತ್ರವನ್ನೇ ಮುಚ್ಚಿಡುವುದು ಅಷ್ಟೇ ಮುಖ್ಯ.

ಇಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. ದತ್ತಾಂಶ ಕಾಯ್ದೆಯ 44ನೆಯ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಕಲಮನ್ನು ತಿದ್ದಿದೆ, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿಯೇ ಜಾರಿಯಾಗಿದೆ. ವೈಯಕ್ತಿಕ ಮಾಹಿತಿ ಎಂಬ ಕಾರಣವೊಂದನ್ನೇ ಕೊಟ್ಟು ಕಚೇರಿಗಳು ಈಗ ಮಾಹಿತಿ ನಿರಾಕರಿಸಬಹುದು. ದೂರುದಾರನ ಹೆಸರು ಹೊರಬೀಳದಂತೆ ಇದು ಕಾಯಬಹುದು. ಆದರೆ ದೂರಿನ ಮೇಲೆ ಏನು ಕ್ರಮವಾಯಿತು ಎಂದು ಕೇಳಿದಾಗಲೂ ಅದೇ ಉತ್ತರ ಬಂದರೆ, ದೂರು ಕೊಟ್ಟು ಪ್ರಯೋಜನವಿಲ್ಲ ಎಂದು ಜನ ಮತ್ತೆ ಗುಂಪುಗಳತ್ತ ತಿರುಗುತ್ತಾರೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2) ಉಪಕಲಮು ಹಾಗೆಯೇ ಉಳಿದಿದೆ, ಅರ್ಜಿದಾರರು ಅದನ್ನು ಹೆಸರಿಸಿ ಕೇಳಬೇಕಾಗುತ್ತದೆ.

2027ರ ಹೊತ್ತಿಗೆ

ಮುಖ್ಯ ಹೊಣೆಗಳು ಜಾರಿಗೆ ಬರುವ ಹೊತ್ತಿಗೆ ಸಂಘಟನೆಗಳು ಸ್ವಯಂಸೇವಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳತೊಡಗುತ್ತವೆ ಎಂದು ನಿರೀಕ್ಷಿಸಬಹುದು. 18 ವರ್ಷದೊಳಗಿನವರಿದ್ದರೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ, ಹೈಸ್ಕೂಲು ಮಕ್ಕಳನ್ನು ಜಾತ್ರೆಯ ಸೇವೆಗೆ ಕರೆತರುವ ಕಡೆ ಇದು ಸಣ್ಣ ಕೆಲಸವಲ್ಲ. ಆ ಪತ್ರದಲ್ಲಿಯೇ, ಸೇವೆಯ ಸ್ಥಳದಲ್ಲಿ ಫೋಟೊ ತೆಗೆಯುವುದಿಲ್ಲ ಎಂಬ ಸಾಲನ್ನು ಕೆಲವರು ಸೇರಿಸುವ ಸಂಭವವಿದೆ. ಅಂಥ ಸಾಲು ಕಾಳಜಿ ಕೇಂದ್ರದ ಬಾಣಂತಿಯನ್ನು ಕಾಪಾಡಿದರೆ ಒಳ್ಳೆಯದೇ. ತಂತಿ, ಸಿಲಿಂಡರ್, ತಡೆಗೋಲುಗಳ ಚಿತ್ರವನ್ನೂ ಅದೇ ಸಾಲು ತಡೆದರೆ, ಖಾಸಗಿತನದ ಹೆಸರಿನಲ್ಲಿ ಕಾಪಾಡಲ್ಪಡುವುದು ಕಮಿಟಿಯ ಲೋಪ. ಯಾವುದೇ ಒಪ್ಪಂದವೂ ಪೊಲೀಸರಿಗೆ ಅಥವಾ ಜಿಲ್ಲಾಡಳಿತಕ್ಕೆ ದೂರು ಕೊಡುವ ಹಕ್ಕನ್ನು ಕಿತ್ತುಕೊಳ್ಳಲಾರದು, ಆದರೆ ಸಹಿ ಹಾಕಿದ 19 ವರ್ಷದ ಹುಡುಗನಿಗೆ ಇದು ಗೊತ್ತಿರುವುದಿಲ್ಲ.

ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಸ್ಥಾನಗಳಲ್ಲಿ ಕೇಳುವವರಿದ್ದಾರೆ: ವ್ಯವಸ್ಥಾಪನಾ ಸಮಿತಿಯ ಮೇಲೆ ಇಲಾಖೆ ಇದೆ, ತಹಶೀಲ್ದಾರರ ಕಚೇರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಬಹುದು, ಹಿಂಬರಹ ಕೇಳಬಹುದು, ಮಾಹಿತಿ ಹಕ್ಕಿನಡಿ ಬೆನ್ನು ಹತ್ತಬಹುದು. ಖಾಸಗಿ ಟ್ರಸ್ಟುಗಳು ಮತ್ತು ಊರವರೇ ಕಟ್ಟಿಕೊಂಡ ಯುವಕ ಸಂಘಗಳ ವಿಷಯದಲ್ಲಿ ಇವಾವುವೂ ಇಲ್ಲ. ಅಲ್ಲಿ ಉಳಿಯುವ ಹಿಡಿಕೆ ಒಂದೇ, ಕಾರ್ಯಕ್ರಮಕ್ಕೆ ಪೊಲೀಸ್ ಮತ್ತು ಸ್ಥಳೀಯ ಸಂಸ್ಥೆಗಳು ಕೊಡುವ ಅನುಮತಿ. ಸುರಕ್ಷತಾ ದೂರು ಸ್ವೀಕರಿಸುವ, ಕಮಿಟಿಗೆ ಸೇರದ ಒಬ್ಬರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಪ್ರವೇಶದ್ವಾರದಲ್ಲಿ ಬರೆಸಬೇಕು ಎಂಬ ಷರತ್ತನ್ನು ಆ ಅನುಮತಿ ಪತ್ರದಲ್ಲಿ ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.